ಶಾಲೆಗೆ ಬೆಂಚು ಬಂತು, ಹಳ್ಳದ ಕಥೆ ಏನು?

ಲಾಭದಲ್ಲಿ ಶೇ. 2ರಷ್ಟು ಊರಿಗೆ ಖರ್ಚು ಮಾಡಿದರೆ ಕಂಪನಿಯ ಜವಾಬ್ದಾರಿ ಮುಗಿಯಿತು ಎನ್ನುವ ಹಾಗೆ ಕಂಪನಿಗಳ ಸಾಮಾಜಿಕ ಹೊಣೆ ಕುರಿತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸಾರ್. ಅದು 2013ರ ಕಂಪನಿ ಕಾಯ್ದೆಯ ಲೆಕ್ಕ, ಅದೂ ದೊಡ್ಡ ಕಂಪನಿಗಳಿಗೆ ಮಾತ್ರ. ಕೊಳಚೆ ನೀರು ಶುದ್ಧ ಮಾಡಿ ಬಿಡುವುದು 1974ರ ಜಲ ಕಾಯ್ದೆಯ ಪ್ರಕಾರ ಹೇಗೂ ಮಾಡಲೇಬೇಕಾದ ಕೆಲಸ. ಅದನ್ನು ಈ ಎರಡು ಪರ್ಸೆಂಟಿನಲ್ಲಿ ತೋರಿಸುವ ಹಾಗೂ ಇಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ತೋಟದ ಮೇಲ್ಗಡೆ ಗುಡ್ಡದಲ್ಲಿ ಒಂದು ರೆಸಾರ್ಟ್ ಬಂತು. ಶಾಲೆಗೆ ಬೆಂಚು ಕೊಟ್ಟರು, ಫೋಟೋನೂ ತೆಗೆಸಿಕೊಂಡರು. ಬೆಂಚು ಗಟ್ಟಿಯಾಗಿವೆ, ಸುಮ್ನೆ ದೂರಬಾರದು. ಆದರೆ ಅವರ ಅಡುಗೆಮನೆ, ಬಚ್ಚಲ ನೀರೆಲ್ಲ ಹಳ್ಳಕ್ಕೆ. ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ಫೆಬ್ರವರಿ ಬಂತೆಂದರೆ ನೊರೆ, ವಾಸನೆ. ಅಡಿಕೆಗೆ ಅದೇ ನೀರು ಬಿಡಬೇಕು. ಈ ಹಳ್ಳ ಸೇರುವುದು ತುಂಗೆಗೆ. ಶಿವಮೊಗ್ಗದವರು ಕುಡಿಯುವುದೂ ತುಂಗೆಯ ನೀರೇ ಅಲ್ವಾ?