ಕೀ ಕೊಡಿ, ಕಾರು ಆಮೇಲೆ ನೋಡೋಣ

ಕಾರು ಕಳುವಾದರೆ ಇನ್ಶೂರೆನ್ಸಿನವರು ಮೊದಲು ಕೇಳುವುದು "ಎರಡೂ ಕೀ ಎಲ್ಲಿ?" ಅಂತ. ಒಂದು ಕಮ್ಮಿಯಾಯಿತೋ, ಕಳ್ಳ ನೀವೇ ಇರಬಹುದು ಅನ್ನೋ ಹಾಗೆ ನೋಡುತ್ತಾರೆ. ಈಗಿನ ಕಾರುಗಳಿಗೆ ಸರಿ ಬಿಡಿ. ಕೀ ಒಳಗೆ ಚಿಪ್ ಇರುತ್ತದೆ, ಅದಿಲ್ಲದೆ ಎಂಜಿನ್ ಏಳುವುದಿಲ್ಲ. ಆದರೆ ಮುಂಬೈನ ಮಾಟುಂಗಾದಲ್ಲಿರುವ ನಮ್ಮ ಮಾವನ 1970ರ ಫಿಯಾಟ್‌ಗೂ ಇದೇ ಮರ್ಯಾದೆ ಅಂದರೆ?

ಅದರ ಮುಂದಿನ ಬಾಗಿಲಿನಲ್ಲಿ ಚಿಕ್ಕ ತ್ರಿಕೋನ ಗಾಜು ಇದೆ. ಹೆಬ್ಬೆರಳಿನಿಂದ ಒತ್ತಿದರೆ ತಿರುಗುತ್ತದೆ. ಕೈ ಒಳಗೆ ತೂರಿಸಿದರೆ ಬಾಗಿಲು ತೆರೆಯಿತು. ಮಾವ ಕೀ ಒಳಗೇ ಮರೆತಾಗಲೆಲ್ಲ ಹೀಗೇ ಮಾಡುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ.

ಈ ಕಾರಿಗೆ ಸ್ಪೇರ್ ಕೀ ಬೇಕು ಅಂತ ಹಟ ಹಿಡಿದದ್ದು ಅವರ ಹೌಸಿಂಗ್ ಸೊಸೈಟಿ. ಜಾಗ ಕಮ್ಮಿ, ಕಾರು ಜಾಸ್ತಿ, ಒಂದರ ಹಿಂದೆ ಒಂದು ನಿಲ್ಲಿಸಬೇಕು. ಹಾಗಾಗಿ ಎಲ್ಲರ ಸ್ಪೇರ್ ಕೀಯನ್ನೂ ವಾಚ್‌ಮನ್ ಕ್ಯಾಬಿನ್ನಿನಲ್ಲಿ ಮೊಳೆಗೆ ನೇತುಹಾಕುತ್ತಾರೆ. ಕಳ್ಳನಿಗೆ ಗೊಂದಲ ಆಗಬಾರದು ನೋಡಿ, ಪ್ರತಿ ಮೊಳೆಯ ಕೆಳಗೂ ಗಾಡಿ ನಂಬರ್ ಬರೆದಿದೆ. ಕ್ಯಾಬಿನ್ನಿಗೆ ಬಾಗಿಲಿಲ್ಲ. ನೋಟೀಸಿನ ತಲೆಬರಹ ಮಾತ್ರ "ಸುರಕ್ಷತೆಯ ದೃಷ್ಟಿಯಿಂದ".

ಜೊತೆಗೊಂದು ಫಾರ್ಮ್. "ಅಧಿಕೃತ ಡೀಲರ್ ಕೊಟ್ಟ ಒರಿಜಿನಲ್ ಕೀ ಮಾತ್ರ. ಬಿಲ್ ಲಗತ್ತಿಸಿ."

ಅಧಿಕೃತ ಡೀಲರ್! ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ 1964ರಲ್ಲಿ ಫಿಯಾಟ್ 1100 ಡಿಲೈಟ್ ಮಾಡಲು ಶುರುಮಾಡಿತು. ಅದೇ ಮುಂದೆ ಪದ್ಮಿನಿ ಆಯಿತು, ಕಪ್ಪು-ಹಳದಿ ಬಣ್ಣದ ಕಾಲಿ-ಪೀಲಿ ಟ್ಯಾಕ್ಸಿಯಾಗಿ ಊರೆಲ್ಲ ಓಡಿತು. ಆ ಕಾರು ತಯಾರಾಗುವುದು ನಿಂತು ಎರಡು ದಶಕ ದಾಟಿದೆ. ಕೊನೆಯ ಪದ್ಮಿನಿ ಟ್ಯಾಕ್ಸಿಗೂ 20 ವರ್ಷದ ವಯೋಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ನಿವೃತ್ತಿ ಕೊಟ್ಟಾಯಿತು. ಮಾವ ಇದನ್ನೆಲ್ಲ ಸೆಕ್ರೆಟರಿಯವರಿಗೆ ವಿವರಿಸಿದರು. ಅವರು ತಾಳ್ಮೆಯಿಂದ ಕೇಳಿ, "ಆಯ್ತು, ಡೀಲರ್ ಇಲ್ಲ ಅಂತ ಡೀಲರಿಂದಲೇ ಒಂದು ಲೆಟರ್ ತನ್ನಿ" ಅಂದರು.

ಕೊನೆಗೆ ಫುಟ್‌ಪಾತಿನ ಚಾವಿವಾಲಾನೇ ಗತಿ. ಆತ ಮಾವನ ಹಳೇ ಕೀಯನ್ನು ಬೆಳಕಿಗೆ ಹಿಡಿದು ನೋಡಿದ. ಹಲ್ಲುಗಳೆಲ್ಲ ಸವೆದು ಗುಂಡಗಾಗಿದ್ದವು. ಮೆಷಿನ್ನಿಗೆ ಹಾಕಿದರೆ ಸವೆದದ್ದೂ ಕಾಪಿ ಆಗುತ್ತದೆ, ಬೇಡ ಅಂದ. ಹಲ್ಲು ಕೊರೆಯದ ಒಂದು ಕೀ ಆರಿಸಿ ಬೀಗಕ್ಕೆ ತೂರಿಸಿ, ಬಿಗಿಯಾಗಿ ತಿರುಚಿ ಹೊರಗೆಳೆದ. ಒಳಗಿನ ಹಿತ್ತಾಳೆ ಪಟ್ಟಿಗಳು ತಾಗಿದ ಕಡೆ ಕಂಡೂ ಕಾಣದ ಗುರುತು. ಅಲ್ಲಿಗೆ ಅರ ಹಾಕಿದ. ಮತ್ತೆ ತೂರಿಸಿದ, ಮತ್ತೆ ಉಜ್ಜಿದ. ಕಡೆಗೊಮ್ಮೆ ಬೀಗ ಬೆಣ್ಣೆಯ ಹಾಗೆ ತಿರುಗಿತು. ಹಳೇ ಕೀಗಿಂತ ಇದೇ ಚೆನ್ನಾಗಿ ತಿರುಗುತ್ತಿದೆ! ಇಡೀ ಪ್ರಕರಣದಲ್ಲಿ ಕೆಲಸ ಗೊತ್ತಿದ್ದವನು ಇವನೊಬ್ಬನೇ. ಬಿಲ್ ಇಲ್ಲದವನೂ ಇವನೊಬ್ಬನೇ.

"ಆರ್‌ಟಿಒದಲ್ಲಿ ವಿಂಟೇಜ್ ಅಂತ ಮಾಡಿಸಿಬಿಡಿ ಮಾವ, ಆಗ ಯಾರೂ ಕೇಳಲ್ಲ" ಅಂತ ಸುಮ್ನೆ ಅಂದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆದರೆ ದಿನಾ ಓಡಿಸುವಂತಿಲ್ಲ. ರ್‍ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಹೋಗಬಹುದು. ಎಲ್ಲಿಗೆ ಹೋಗಲು ಪೆಟ್ರೋಲ್ ಅಂತ ಮಾತ್ರ ಕೇಳಬಾರದು.

"ಅಲ್ಲ ಮಾರಾಯ, ನಾನು ತರಕಾರಿ ತರಲು ರ್‍ಯಾಲಿ ಮಾಡಬೇಕಾ?" ಅಂದರು ಮಾವ.

ಹೊಸ ಕೀ ಈಗ ಮೊಳೆಯಲ್ಲಿದೆ. ವಾಚ್‌ಮನ್ ಅದನ್ನು ಮುಟ್ಟುವುದಿಲ್ಲ. ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಇರುವುದನ್ನು ಆ ಹುಡುಗ ಹುಟ್ಟಿದಾಗಿನಿಂದ ಕಂಡಿಲ್ಲ. ಹಿಂದಿನ ಕಾರು ಹೊರಡಬೇಕಾದರೆ ತ್ರಿಕೋನ ಗಾಜಿನಿಂದ ಕೈ ಹಾಕಿ ಬಾಗಿಲು ತೆಗೆದು, ಗೇರ್ ಬಿಡಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ಇಸ್ತ್ರಿಯವನನ್ನು ಕರೆದು ತಳ್ಳುತ್ತಾನೆ.

ಫಾರ್ಮಿನ ಅಧಿಕೃತ ಡೀಲರ್ ಕಾಲಂನಲ್ಲಿ ಮಾವ "ಪ್ರೀಮಿಯರ್, ಕುರ್ಲಾ" ಅಂತ ಬರೆದುಕೊಟ್ಟರು. ಬಿಲ್ ಜಾಗದಲ್ಲಿ ಕಾರು ಕೊಂಡಾಗಿನ ರಸೀದಿಯ ಜೆರಾಕ್ಸ್. ಸೆಕ್ರೆಟರಿಯವರು ಎರಡು ಸಲ ಓದಿ, "ನೋಡಿ, ಮನಸ್ಸು ಮಾಡಿದರೆ ಎಲ್ಲ ಸಿಗುತ್ತೆ" ಅಂತ ಸೀಲು ಒತ್ತಿದರು.