ವಾವ್ ಅಂದರೆ ಮುಟ್ಟಿತು

ಈಗೀಗ "ವಾವ್" ಅನ್ನುವ ಮಾತು ಆಶ್ಚರ್ಯಕ್ಕಿಂತ ಮರ್ಯಾದೆಗೇ ಜಾಸ್ತಿ ಖರ್ಚಾಗುತ್ತಿದೆ. ಹೊಸ ಇಳಕಲ್ ಸೀರೆ ತೋರಿಸಿದರೆ ವಾವ್, ಮೊಮ್ಮಗನ ಫೋಟೊ ತೋರಿಸಿದರೂ ವಾವ್. ನೀವು ತೋರಿಸಿದ್ದು ನಮಗೆ ಮುಟ್ಟಿದೆ ಅಂತ ಕೊಡುವ ರಸೀದಿ ಅದು, ಅಷ್ಟೇ. ಎಳೆದು ಅಂದರೆ ಮೆಚ್ಚುಗೆ. ಮುಖ ಎತ್ತದೆ ಚುಟುಕಾಗಿ ಅಂದರೆ "ಗೊತ್ತಾತು, ಸಾಕು ಮಾಡು" ಅಂತ ಅರ್ಥ. ನಮ್ಮ ಮನೆಯಲ್ಲಿ ನನಗೆ ಸಿಗುವುದು ಈ ಎರಡನೆಯದು.

ಇದೇನೋ ಅಮೆರಿಕದ ಹೊಸ ಮಾಲು ಅನಿಸುತ್ತದೆ, ಅಲ್ವಾ? 16ನೇ ಶತಮಾನದ ಸ್ಕಾಟ್ಲೆಂಡಿನ ಬರಹದಲ್ಲೇ ವಾವ್ ಇದೆ. ನಮ್ಮ ಗೋಲಗುಮ್ಮಟಕ್ಕಿಂತ ಹಳೆಯದು! ಸಂಗೀತದ ಬೈಠಕ್ಕಿನಲ್ಲಿ ತಲೆದೂಗಿ ಅನ್ನುವ "ವ್ಹಾ" ಬೇರೆ. ಅದು ಪಾರ್ಸಿ ಭಾಷೆಯಿಂದ, ಅಂದರೆ ಪರ್ಶಿಯನ್ನಿನಿಂದ ಬಂದದ್ದು.

1977ರ ಆಗಸ್ಟ್‌ನಲ್ಲಿ ಅಮೆರಿಕದ ಒಹಾಯೊದಲ್ಲಿ ಬಿಗ್ ಇಯರ್ ಎಂಬ ರೇಡಿಯೊ ದೂರದರ್ಶಕಕ್ಕೆ ಆಕಾಶದಿಂದ 72 ಸೆಕೆಂಡಿನ ಒಂದು ಜೋರು ಸಿಗ್ನಲ್ ಸಿಕ್ಕಿತು. ಆಮೇಲೆ ಕಂಪ್ಯೂಟರಿನ ಹಾಳೆ ತಿರುವುತ್ತಿದ್ದ ಖಗೋಳ ವಿಜ್ಞಾನಿ ಜೆರ್ರಿ ಎಹ್ಮನ್ ಕೆಂಪು ಪೆನ್ನಿನಿಂದ ಆ ಅಂಕಿಗಳಿಗೆ ಸುತ್ತು ಹಾಕಿ, ಪಕ್ಕದಲ್ಲಿ "ವಾವ್!" ಅಂತ ಗೀಚಿದರು. ಅದಕ್ಕೆ ಅದೇ ಹೆಸರಾಯಿತು, ವಾವ್ ಸಿಗ್ನಲ್. ಪಾಪ, ಅಷ್ಟು ಓದಿದವರಿಗೂ ಆ ಹೊತ್ತಿಗೆ ಬೇರೆ ಮಾತು ಹೊಳೆಯಲಿಲ್ಲ.

ನಮ್ಮ ಕಡೆ ಆಶ್ಚರ್ಯ ಆದರೆ ಯಾರನ್ನಾದರೂ ಕರೆಯಲೇಬೇಕು. ಯಪ್ಪಾ, ಯವ್ವಾ, ಇಲ್ಲಾ ಶಿವನೇ! ಇಂಗ್ಲಿಷಿನವರೂ ಕರೆಯುತ್ತಿದ್ದರು. ಆದರೆ ದೇವರ ಹೆಸರು ಸುಮ್ಮಸುಮ್ನೆ ಎತ್ತಬಾರದು ನೋಡಿ, ಅದಕ್ಕೆ ಗಾಡ್ ಅನ್ನುವುದನ್ನು ಗಾಶ್ ಮಾಡಿದರು, ಜೀಸಸ್ ಅನ್ನುವುದನ್ನು ಜೀ ಮಾಡಿದರು. ವಾವ್‌ಗೆ ಈ ತಾಪತ್ರಯವೇ ಇಲ್ಲ. ಅದು ಯಾರನ್ನೂ ಕರೆಯುವುದಿಲ್ಲ. ಯಾವ ಊರಿಗೆ ಬೇಕಾದರೂ ಹೋಗುತ್ತದೆ.

ವಿಜಯಪುರಕ್ಕಂತೂ ದಿನಾ ಬರುತ್ತದೆ. ಗೋಲಗುಮ್ಮಟದ ಇಕ್ಕಟ್ಟು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ ಹುಡುಗರು ಪಿಸುಗುಟ್ಟುವ ಗ್ಯಾಲರಿಯಲ್ಲಿ ವಾವ್ ಅಂತ ಕೂಗುತ್ತಾರೆ. ಗುಮ್ಮಟ ಅದನ್ನೇ ಮತ್ತೆ ಮತ್ತೆ ಒಪ್ಪಿಸುತ್ತದೆ. ಬರಬರುತ್ತ "ವ್" ಉದುರಿ ಬರೀ "ಆ" ಉಳಿಯುತ್ತದೆ. ಕೆಳಗೆ ಒಬ್ಬ ಗೈಡ್ ಲೆಕ್ಕ ಒಪ್ಪಿಸುತ್ತಿದ್ದ: 1656ರಲ್ಲಿ ಮುಗಿದದ್ದು, ಹೊರಗಿನ ಅಡ್ಡಳತೆ ಸುಮಾರು 44 ಮೀಟರ್, ನಡುವೆ ಒಂದೂ ಕಂಬ ಇಲ್ಲ. ಎದುರಿಗೆ ನಿಂತ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಕತ್ತೆತ್ತಿ ನೋಡಿದಳು.

"ಯವ್ವಾ! ಅಲ್ಲೋ ತಮ್ಮಾ, ಅಷ್ಟ ಮ್ಯಾಲ ಜ್ಯಾಡಾ ತಗಿಯಾವ್ರು ಯಾರು?"