ಅಲ್ಲಾಡಿಸಬೇಡ ಮಗಾ

ನಿನ್ನೆ ತೀರ್ಥಹಳ್ಳಿ ಹತ್ತಿರ ನಮ್ಮ ಕಡೆಯವರ ಗೃಹಪ್ರವೇಶ. ಕಳಲೆ ಪಲ್ಯ ಎರಡು ಸಲ ಹಾಕಿಸಿಕೊಂಡೆ. ಪಾಯಸ ಎಷ್ಟು ಸಲ ಅಂತ ಕೇಳಬೇಡಿ. ಇಷ್ಟೆಲ್ಲ ತಿಂದು ಖುಷಿಯಾಗಿ ಬರಬೇಕಾದವಳು ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಮಂಡಗದ್ದೆ ದಾಟಿದರೂ ಸಿಟ್ಟು ಇಳಿಯಲಿಲ್ಲ. ರಾತ್ರಿ ಮಲಗಿದರೂ ಇಳಿಯಲಿಲ್ಲ. ಅದಕ್ಕೆ ಇಲ್ಲಿ ಇಳಿಸುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಚಿಕ್ಕಪ್ಪನ ಮಗಳ ಮಗಳು ಬಂದಿದ್ದಳು. ಸೆಕೆಂಡ್ ಪಿಯುಸಿ, ಖೋ-ಖೋ ಆಡುವ ಹುಡುಗಿ. ಐದು ವಾರದ ಹಿಂದೆ ಓಡುವಾಗ ಪಾದ ಮಡಚಿ ಕಾಲು ಉಳುಕಿದೆ. ಎಕ್ಸ್‌ರೇ ಆಗಿದೆ, ಮೂಳೆಗೆ ಏನೂ ಆಗಿಲ್ಲ. ಆದರೂ ಇನ್ನೂ ಕ್ರೇಪ್ ಬ್ಯಾಂಡೇಜ್. ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು, ಇನ್ನೊಂದರಲ್ಲಿ ಅವಳ ಕಾಲು. ಬಚ್ಚಲಿಗೆ ಹೋಗಬೇಕಾದರೂ ಅಮ್ಮನ ಹೆಗಲು ಬೇಕು. ಪಕ್ಕದಲ್ಲಿ ಕೂತು ಎರಡೂ ಮೀನಖಂಡ ನೋಡಿದೆ. ಒಂದು ಖೋ-ಖೋ ಆಡುವ ಹುಡುಗಿಯದು. ಇನ್ನೊಂದು ಬೇರೆ ಯಾರದೋ ಕಾಲು ತಂದು ಜೋಡಿಸಿದ ಹಾಗಿತ್ತು.

ಆ ಕಡೆ ಹೋಗುವವರು, ಈ ಕಡೆ ಬರುವವರು, ಎಲ್ಲರದ್ದೂ ಒಂದೇ ಮಂತ್ರ. "ಅಲ್ಲಾಡಿಸಬೇಡ ಮಗಾ."

"ದೊಡ್ಡಮ್ಮ, ಸ್ವಲ್ಪ ಕಾಲೂರಿದ್ರೆ ಎಂತಾದ್ರೂ ಆಗುತ್ತಾ?" ಅಂತ ಹುಡುಗಿ ಮೆಲ್ಲಗೆ ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಮೂರು ದನಿ ಬಂತು. "ಅಲ್ಲಾಡಿಸಬೇಡ!"

ನನ್ನ ಕಾಲಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಕಳೆದ ವರ್ಷ ಪುನರ್ವಸು ಮಳೆಯಲ್ಲಿ ಅಮ್ಮನ ಮನೆ ಅಂಗಳದಲ್ಲಿ ಜಾರಿದ್ದು. ಓಡಾಡಲಿ ಅಂತ ಅಣ್ಣ ಅಡಿಕೆ ದಬ್ಬೆ ಹಾಸಿದ್ದ. ನಾನು ಸುತ್ತಿ ಯಾರು ಬರ್ತಾರೆ ಅಂತ ಸೀದಾ ಪಾಚಿ ಮೇಲೆ ಕಾಲಿಟ್ಟೆ. ಕೈಯಲ್ಲಿ ಕೆಸುವಿನ ಎಲೆ, ತಲೆಯಲ್ಲಿ ಪತ್ರೊಡೆ. ಪಾದ ಒಳಗೆ ಮಡಚಿತು, ಹೊರಗಿನ ಪಕ್ಕ 'ಟಕ್' ಅಂತು. ಸಂಜೆಗೆ ಅಲ್ಲೊಂದು ಬದನೆಕಾಯಿ. ಬಣ್ಣವೂ ಅದರದ್ದೇ. (ಎಲೆ ಬಿಡಲಿಲ್ಲ ಅಂತ ಅಣ್ಣ ಇವತ್ತಿಗೂ ಆಡಿಕೊಳ್ಳುತ್ತಾನೆ.)

ಆಮೇಲೆ ಸಲಹೆಗಳ ಜಡಿಮಳೆ. ಒಬ್ಬರು ಎಣ್ಣೆ ಹಾಕಿ ಗಟ್ಟಿಯಾಗಿ ನೀವಿಸು ಅಂದರು. ಊದಿಕೊಂಡ ಹೊಸ ಗಾಯವನ್ನು ನೀವುವುದು ಅಂದರೆ ಒಳಗೆ ಹರಿದಿದ್ದನ್ನು ಇನ್ನಷ್ಟು ಕೆದಕಿದ ಹಾಗೆ, ಅದು ಬೇರೆ ಮಾತು. ಇನ್ನೊಬ್ಬರು ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಒದೆಸಿಕೋ ಅಂದರು. ಒದೆಯೋಕೆ ಮನೆಯವರೇ ತಯಾರಾಗಿದ್ದರು, ಹೇಗೆ ಹುಟ್ಟಿದ್ದರು ಅಂತ ಯಾರೂ ಕೇಳಲಿಲ್ಲ. ಇಷ್ಟೆಲ್ಲ ಜಗಳದ ನಡುವೆ ಎಲ್ಲರೂ ಒಪ್ಪಿದ ಮಾತು ಒಂದೇ. ಅಲ್ಲಾಡಿಸಬೇಡ.

ನಾನೂ ಅಲ್ಲಾಡಿಸಲಿಲ್ಲ. ಪುನರ್ವಸು ಮುಗಿಯಿತು, ಪುಷ್ಯ ಮಳೆ ಪೂರ್ತಿ ಸುರಿಯಿತು, ನಾನು ಮಂಚದ ಮೇಲೆ. ಊತ ಇಳಿಯಿತು, ನೋವೂ ಅರ್ಧ ಹೋಯಿತು. ಎದ್ದು ನಿಂತರೆ ಪಾದ ಮಡಚುವುದೇ ಇಲ್ಲ! ಮಳೆಗಾಲವಿಡೀ ಬಿಟ್ಟ ಬಾವಿ ರಾಟೆಯ ಹಾಗೆ. ಇಳಿಜಾರಿನಲ್ಲಿ ಎರಡು ಹೆಜ್ಜೆ ಇಡಲಾಗದೆ ಅತ್ತಿದ್ದೇನೆ. ಬಿದ್ದ ದಿನ ಕೂಡ ಅತ್ತಿರಲಿಲ್ಲ.

ಶಿವಮೊಗ್ಗಕ್ಕೆ ಬಂದು ಫಿಸಿಯೋಥೆರಪಿಗೆ ಹೋದೆ. ನನ್ನ ಮಗಳ ವಯಸ್ಸಿನ ಹುಡುಗಿ. "ಇಷ್ಟು ದಿನ ಎಂತ ಮಾಡಿದ್ರಿ ಆಂಟಿ?" ಅಂದಳು. ರೆಸ್ಟ್ ಅಂದೆ. "ರೆಸ್ಟ್ ಮೊದಲ ಎರಡು ಮೂರು ದಿನಕ್ಕೆ ಆಂಟಿ, ಮೂರು ವಾರಕ್ಕಲ್ಲ" ಅಂತ ನಕ್ಕಳು. ಆ ನಗು ನನಗೆ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಅವಳು ಹೇಳಿದ್ದು ಇಷ್ಟು. ಕೀಲಿನ ಒಳಗೆ ಮೂಳೆಯ ತುದಿಗೆ ಹೊದಿಸಿದ ಹಾಗಿರುವ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಅದಕ್ಕೆ ಊಟ ಸಿಗುವುದು ಕೀಲಿನ ಒಳಗಿನ ದ್ರವದಿಂದ. ಸ್ಪಂಜು ಒತ್ತಿ ಬಿಟ್ಟ ಹಾಗೆ, ಕೀಲು ಆಡಿದರೆ ಆ ದ್ರವ ಒಳಗೆ ಹೋಗಿ ಬರುತ್ತದೆ. ಹರಿದ ಲಿಗಮೆಂಟಿನ (ಮೂಳೆಗೆ ಮೂಳೆ ಕಟ್ಟಿಹಿಡಿಯುವ ಪಟ್ಟಿ) ಹೊಸ ಎಳೆಗಳೂ ಅಷ್ಟೇ, ಮೆಲ್ಲಗೆ ಎಳೆತ ಬಿದ್ದರೆ ಆ ಎಳೆತದ ದಿಕ್ಕಿಗೇ ಸಾಲಾಗಿ ಕೂರುತ್ತವೆ. ಇಲ್ಲದಿದ್ದರೆ ಅಡ್ಡಾದಿಡ್ಡಿ. ಸುಮ್ನೆ ಮಲಗಿದರೆ ಮೀನಖಂಡ ಕರಗುತ್ತದೆ. ಹಾಗಾದರೆ "ಅಲ್ಲಾಡಿಸಬೇಡ" ಅನ್ನುವವರು ಆ ಕೀಲನ್ನು ಉಪವಾಸ ಕೆಡವುತ್ತಿದ್ದಾರೆ ಅಂತಲೇ ಅಲ್ವಾ? ಅದೂ ಪ್ರೀತಿಯಿಂದ!

ಪಾದ ಮೇಲೆ ಕೆಳಗೆ, ಮೇಲೆ ಕೆಳಗೆ. ಗೋಡೆಗೆ ಕೈ ಕೊಟ್ಟು, ಹಿಮ್ಮಡಿ ಎತ್ತದೆ, ಮೀನಖಂಡ ಎಳೆಯುವುದು. ಕಾಲು ಚಾಚಿ ಕೂತು ಅಂಗಾಲಿಗೆ ಟವೆಲ್ ಹಾಕಿ ನಮ್ಮ ಕಡೆ ಜಗ್ಗುವುದು. ಇದನ್ನು ನಾನು ಬಚ್ಚಲ ಹಂಡೆಯ ಬಿಸಿನೀರು ಹುಯ್ದುಕೊಂಡ ಮೇಲೆ ಮಾಡುತ್ತಿದ್ದೆ, ಆಗ ಸಲೀಸು. ಆಮೇಲೆ ಗಾಳಿಯಲ್ಲಿ ಹೆಬ್ಬೆರಳಿನಿಂದ ಅಕ್ಷರ ಬರೆಯಬೇಕು. ಎಬಿಸಿಡಿ ಬರೀರಿ ಅಂದಳು. ನಾನು ಯಾಕೆ ಎಬಿಸಿಡಿ ಬರೆಯಲಿ? ಅದು 26, ನಮ್ಮದು 49. ಎಬಿಸಿಡಿಯಲ್ಲಿ ಅರ್ಧ ಬರೀ ಗೆರೆ. ನಮ್ಮದು ಗುಂಡಗೆ ಸುತ್ತಬೇಕು, ಕೀಲು ಪೂರ್ತಿ ತಿರುಗಬೇಕು. 'ಠ' ಸುಲಭ. 'ಋ' ಬಂದಾಗ ಬೆವರು. 'ಝ' ಬರೆದ ದಿನ ಮನೆಯವರನ್ನು ಕರೆದು ತೋರಿಸಿದೆ. ಗಾಳಿಯಲ್ಲಿ ಬರೆದದ್ದು ಅವರಿಗೆ ಕಾಣಲಿಲ್ಲ, ಬಿಡಿ.

ಕೊನೆಗೆ ಒಂಟಿ ಕಾಲು. ಉಳುಕಿದ ಕಾಲು ತಾನೆಲ್ಲಿ ನಿಂತಿದ್ದೇನೆ ಅನ್ನುವ ಅರಿವನ್ನೇ ಅಷ್ಟಿಷ್ಟು ಕಳೆದುಕೊಂಡಿರುತ್ತದಂತೆ. ಅದಕ್ಕೇ ಒಮ್ಮೆ ಉಳುಕಿದ್ದು ಮತ್ತೆ ಮತ್ತೆ ಉಳುಕುವುದು. ಹಾಗಾಗಿ ಸಿಂಕ್ ಅಂಚು ಹಿಡಿದು, ದೋಸೆಯ ಒಂದು ಬದಿ ಬೇಯುವಷ್ಟು ಹೊತ್ತು ಆ ಕಾಲಲ್ಲೇ ನಿಲ್ಲುತ್ತಿದ್ದೆ. ಮೊದಲ ವಾರ ದೋಸೆ ಎಲ್ಲ ಹಸಿಹಸಿ.

ಎಷ್ಟು ನೋವು ಸರಿ, ಎಷ್ಟು ಜಾಸ್ತಿ? ಎಳೆದ ಹಾಗಾದರೆ ಪರವಾಗಿಲ್ಲ. ಚುಚ್ಚಿದರೆ ನಿಲ್ಲಿಸು. ಮಾರನೇ ದಿನ ಬೆಳಿಗ್ಗೆ ಊತ ಜಾಸ್ತಿಯಾಗಿದ್ದರೆ ನಿನ್ನೆ ಮಾಡಿದ್ದು ಅತಿಯಾಯಿತು ಅಂತ. ಇಷ್ಟೇ ಲೆಕ್ಕ. ಜಿಮ್ಮಿಗೆ ಹೋಗುವ ನನ್ನ ಸೋದರಳಿಯ ಇದನ್ನು ದಯವಿಟ್ಟು ಎರಡು ಸಲ ಓದಲಿ. "ನೋವು ಬಂದ್ರೂ ಬಿಡಬೇಡಿ ಅತ್ತೆ" ಅಂದವನು ಅವನೇ.

ಈಗ ಕಾಮೆಂಟಿನಲ್ಲಿ ಬರುವ ಮಾತು ಗೊತ್ತು. "ಮೂಳೆ ಮುರಿದಿದ್ದರೆ?" ಮುರಿದಿದ್ದರೆ ಪ್ಲಾಸ್ಟರ್ ಹಾಕಿಸಿಕೊಂಡು ತೆಪ್ಪಗೆ ಕೂರಬೇಕು, ಯಾರು ಬೇಡ ಅಂದರು? ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲೇ ಇದಕ್ಕೆ ಸುಲಭದ ನಿಯಮ ಮಾಡಿಟ್ಟಿದ್ದಾರೆ. ಕೀಲಿನ ಎರಡು ಪಕ್ಕ ಉಬ್ಬಿರುವ ಮೂಳೆಯ ತುದಿ ಅಥವಾ ಹಿಂಬದಿ ಒತ್ತಿದರೆ ನೋವಾಗುತ್ತದೆಯೇ? ನಾಲ್ಕು ಹೆಜ್ಜೆ ಇಡಲು ಆಗುವುದಿಲ್ಲವೇ? ಹಾಗಿದ್ದರೆ ಎಕ್ಸ್‌ರೇಗೆ ಹೋಗಿ. ಇಲ್ಲಿ ಹುಡುಗಿಯ ಎಕ್ಸ್‌ರೇ ಆಗಿದೆ ಅಂತ ಹೇಳಿದೆನಲ್ಲ, ಮತ್ತೆ ಯಾಕೆ ವಾದ?

"ಡಾಕ್ಟರೇ ರೆಸ್ಟ್ ಹೇಳಿದ್ದಾರೆ" ಅನ್ನುವವರಿಗೆ ಇನ್ನೊಂದು. 1978ರಲ್ಲಿ ಅಮೆರಿಕದ ಗೇಬ್ ಮಿರ್ಕಿನ್ ಅನ್ನುವ ವೈದ್ಯರು 'ರೈಸ್' ಅಂತ ಒಂದು ಸೂತ್ರ ಕೊಟ್ಟರು. ರೆಸ್ಟ್, ಐಸ್, ಬಿಗಿ ಬ್ಯಾಂಡೇಜ್, ಕಾಲು ಎತ್ತರಕ್ಕೆ. ಜಗತ್ತೆಲ್ಲ ಅದನ್ನೇ ಪಠಿಸಿತು. ಸುಮಾರು 35 ವರ್ಷದ ಮೇಲೆ ಅದೇ ಮನುಷ್ಯ, ಐಸ್ ಮತ್ತು ಪೂರ್ತಿ ರೆಸ್ಟ್ ವಾಸಿಯಾಗುವುದನ್ನು ತಡಮಾಡಬಹುದು ಅಂತ ತಾವೇ ಬರೆದರು. ಸೂತ್ರ ಮಾಡಿದವರೇ ಮನಸ್ಸು ಬದಲಿಸಿದರು. ನಮ್ಮ ಅತ್ತಿಗೆಯಂದಿರು ಬದಲಿಸಲಿಲ್ಲ.

ಸರಿ, ಒಂದು ಗುಟ್ಟು ಹೇಳಿಬಿಡುತ್ತೇನೆ. ಆ ಮೂರು ವಾರ ನನಗೆ ಇಷ್ಟವಾಗಿತ್ತು. ಮದುವೆಯಾಗಿ 26 ವರ್ಷ, ಮಂಚದ ತನಕ ಯಾರೂ ಕಾಫಿ ತಂದುಕೊಟ್ಟಿರಲಿಲ್ಲ. "ಅಲ್ಲಾಡಬೇಡ, ನಾನು ಮಾಡ್ತೀನಿ" ಅನ್ನುವ ಮಾತು ಕೇಳೋಕೆ ಕಾಲೇ ಹೋಗಬೇಕಾಯಿತು. ಎರಡನೇ ವಾರಕ್ಕೇ ನನಗೆ ಕಾಲೂರಬಹುದು ಅನ್ನಿಸಿತ್ತು. ಊರಲಿಲ್ಲ. ಹೊರಗೆ ಮಳೆ, ಕೈಯಲ್ಲಿ ಬಿಸಿ ಹಲಸಿನ ಹಪ್ಪಳ, ಯಾರು ಏಳುತ್ತಾರೆ ಮಾರಾಯ್ರೇ? ಅದಕ್ಕೆ ದಂಡ ಕಟ್ಟಿದ್ದೂ ನಾನೇ. ಎಳ್ಳಮಾವಾಸ್ಯೆ ಜಾತ್ರೆಗೆ ಹೋದಾಗಲೂ ಹೊಳೆಗೆ ಇಳಿಯಲು ಅಣ್ಣನ ಕೈ ಬೇಕಾಗಿತ್ತು.

ಆ ಹುಡುಗಿಗೆ ಅಂತಹ ಆಸೆ ಏನಿಲ್ಲ. ಅವಳಿಗೆ ಓಡಬೇಕು, ಅಷ್ಟೇ. ಊಟದ ಮೇಲೆ ಎಲ್ಲರೂ ಎಲೆ ಅಡಿಕೆಗೆ ಕೂತಾಗ ಅವಳ ಬ್ಯಾಂಡೇಜ್ ಬಿಚ್ಚಿದೆ. ಅವಳಮ್ಮ "ಅಕ್ಕಾ, ಎಂತಕ್ಕೆ ಸುಮ್ನೆ..." ಅಂದಳು. "ನಾಳೆಯೇ ಒಂದು ಸಲ ಫಿಸಿಯೋ ಹತ್ರ ಕರ್ಕೊಂಡು ಹೋಗು, ಇಲ್ಲಾಂದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದೆ, ಸ್ವಲ್ಪ ಜೋರಾಗಿಯೇ. ಪಂಕ್ತಿಯಲ್ಲಿ ನಾಲ್ಕು ತಲೆ ತಿರುಗಿದವು. ತಿರುಗಲಿ. ನಾನು ಅವಳ ಪಾದದ ಕಡೆ ನೋಡಿ "ಅ ಬರಿ" ಅಂದೆ. ನಡುಗುತ್ತಾ ಬರೆದಳು.

ಈಗ ತಾನೇ ವಾಟ್ಸಾಪಿನಲ್ಲಿ ಮೆಸೇಜ್ ಬಂತು. "ದೊಡ್ಡಮ್ಮ, ಝ ಹತ್ರ ಸಿಕ್ಕಿಹಾಕ್ಕೊಂಡಿದೀನಿ."